ಅಲೆಗೆರೆ

“ಈ ಬೋರ್ಡೆಲ್ಲ ನಿಜವಾಗ್ಲೂ ನಿಮ್ಮ ತಂದೆಯವರೇ ಬರೆದಿದ್ದಾ?”

ಪರೀಕ್ಷಕರು ಕನ್ನಡಕವನ್ನು ಹಣೆಗೇರಿಸಿ ಕೇಳಿದರು. ಹುಡುಗಿ ಹೌದೆಂದು ತಲೆಯಾಡಿಸಿದಳು. ಕೊನೆಯ ಸಾಲಿನಲ್ಲಿ ಕುಳಿತಿದ್ದ ಅವಳಪ್ಪ ಜೇಬಿನಲ್ಲಿದ್ದ ಕೈಗಳನ್ನು ಇನ್ನಷ್ಟು ಒಳಗೆ ತಳ್ಳಿದ.

ವಿನ್ಯಾಸ ಕಾಲೇಜಿನ ಕೊನೆಯ ವರ್ಷದ ಪ್ರಾಜೆಕ್ಟು. ವಿಷಯ ‘ಕಲಾಶೈಲಿ ಮತ್ತು ಪರಂಪರೆ’. ಉಳಿದ ಮಕ್ಕಳು ಹಳೆಯ ಕಟ್ಟಡ, ಹಳೆಯ ನೇಯ್ಗೆ ಎಂದು ಊರೂರು ಸುತ್ತಿ ಬಂದಿದ್ದರು. ಇವಳು ತನ್ನ ಬೀದಿ ದಾಟಲಿಲ್ಲ. ಅಂಗಡಿಗಳ ಮೇಲೆ ಅಪ್ಪ ಬರೆದ ಬೋರ್ಡುಗಳ ಫೋಟೊ ತೆಗೆದು, ಹೆಸರಿನ ಕೆಳಗೆ ಅವನು ಎಳೆಯುತ್ತಿದ್ದ ಉದ್ದನೆಯ ಗೆರೆಯನ್ನೇ ಹಿಡಿದುಕೊಂಡಳು. ಹಳೆಯ ಬೋರ್ಡುಗಳಲ್ಲಿ ಆ ಗೆರೆ ನೇರ. ಆಮೇಲಿನವುಗಳಲ್ಲಿ ಸಣ್ಣ ಸಣ್ಣ ಅಲೆ. ಅದಕ್ಕೆ ‘ಅಲೆಗೆರೆ’ ಎಂದು ಹೆಸರಿಟ್ಟು, ಕಂಪ್ಯೂಟರಿನಲ್ಲಿ ಅದರಿಂದ ಅಕ್ಷರ, ಪೋಸ್ಟರು, ಪುಸ್ತಕದ ಹೊದಿಕೆ ಎಲ್ಲವನ್ನೂ ಮಾಡಿದಳು. ನಮ್ಮ ಮನೆಯ ಶೈಲಿ ಎಂದು ಬರೆದಳು.

ಅಪ್ಪನಿಗೆ ಬೀದಿಯವರು ಇಟ್ಟ ಹೆಸರು ನೂಲಪ್ಪ. ನೂಲು ಹಿಡಿಯದೆಯೇ ನೂಲು ಹಿಡಿದಂತೆ ಗೆರೆ ಎಳೆಯುತ್ತಿದ್ದನಲ್ಲ, ಅದಕ್ಕೆ. ಈಗ ಕುಂಚ ಕೆಳಗಿಟ್ಟು ಕೆಲವು ವರ್ಷವಾಗಿತ್ತು. ಫ್ಲೆಕ್ಸ್ ಬಂದು ಹೊಟ್ಟೆಗೆ ಹೊಡೆಯಿತು ಎನ್ನುತ್ತಿದ್ದ. ಅವನ ಅಪ್ಪನೂ ಇದೇ ವಯಸ್ಸಿಗೆ ಕುಂಚ ಕೆಳಗಿಟ್ಟವನೇ. ಆಗಿನ್ನೂ ಫ್ಲೆಕ್ಸ್ ಹುಟ್ಟಿರಲಿಲ್ಲ. ಮಗಳಿಗಂತೂ ಕುಂಚ ಮುಟ್ಟಗೊಟ್ಟವನಲ್ಲ. “ಮೌಸ್ ಹಿಡ್ಕೋ ತಾಯಿ, ಈ ಕಸುಬು ನಿನ್ನವರೆಗೂ ಬರೋದು ಬೇಡ,” ಎನ್ನುತ್ತಿದ್ದ. ಅವಳು ಮೌಸನ್ನೇ ಹಿಡಿದಳು. ಗೆರೆ ತುಸು ಸೊಟ್ಟಾದರೆ ಕಂಪ್ಯೂಟರೇ ತಿದ್ದಿಕೊಡುತ್ತಿತ್ತು.

ಪರೀಕ್ಷಕರು ಎರಡು ಫೋಟೊಗಳನ್ನು ಪಕ್ಕಪಕ್ಕ ಇಟ್ಟರು. ನೇರ ಗೆರೆ ಎಳೆದ ಕೈ ಬೇರೆ, ಅಲೆ ಎಳೆದ ಕೈ ಬೇರೆ, ಯಾರದೋ ಕೆಲಸವನ್ನು ಅಪ್ಪನದೆಂದು ತೋರಿಸಿದರೆ ಪಾಸು ಮಾಡಲಾಗದು ಎಂದರು. ಆಮೇಲೆ ಹಿಂದಿನ ಸಾಲಿನ ಕಡೆ ನೋಡಿ, “ಯಜಮಾನರೇ, ಒಂದು ಗೆರೆ ಎಳೆದುಬಿಡಿ. ಮುಗಿದೇ ಹೋಯ್ತು,” ಎಂದರು.

ಮೇಜಿನ ಮೇಲೆ ಹಾಳೆ, ಕುಂಚ, ಕಪ್ಪು ಬಣ್ಣ. ಎಲ್ಲರೂ ತಿರುಗಿದರು.

ಬೆಳಿಗ್ಗೆ ಅವನ ಅಂಗಿಗೆ ಗುಂಡಿ ಹಾಕುತ್ತಾ ಹೆಂಡತಿ, “ಇವತ್ತಾದರೂ ಅವಳಿಗೆ ಹೇಳಿಬಿಡಿ,” ಎಂದಿದ್ದಳು. ಅವನು ದಾರಿಯುದ್ದಕ್ಕೂ ಬಾಯಿ ಬಿಟ್ಟಿರಲಿಲ್ಲ. ಈಗ ನಿಜ ಹೇಳಿದರೆ ಮಗಳ ಒಂದು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆ ಹಣ್ಣು ತೊಳೆದಂತೆ. ಹೇಳದಿದ್ದರೆ ಅವಳು ಕಳ್ಳಿ.

“ನನ್ನ ಕೈಲಾಗಲ್ಲ, ಸ್ವಾಮಿ.”

ಅಷ್ಟೇ ಹೇಳಿದ. ಯಾರೋ ಕಿಸಕ್ಕೆಂದರು. ಪರೀಕ್ಷಕರು ಪೆನ್ನಿನ ಮುಚ್ಚಳ ತೆಗೆದರು.

“ನಾನು ಎಳೀತೀನಿ,” ಎಂದಳು ಮಗಳು.

ಅಪ್ಪ ಅರ್ಧ ಎದ್ದ, ಬೇಡವೆನ್ನುವಂತೆ. ಅಷ್ಟರಲ್ಲಿ ಅವಳು ಕುಂಚ ಅದ್ದಿಯಾಗಿತ್ತು. ಉಸಿರು ಹಿಡಿದು ಹಾಳೆಯ ಈ ತುದಿಯಿಂದ ಆ ತುದಿಗೆ ಎಳೆದಳು. ಗೆರೆ ಮೂಡಿತು. ಸಣ್ಣ ಸಣ್ಣ ಅಲೆ, ಥೇಟ್ ಬೋರ್ಡಿನಲ್ಲಿ ಇದ್ದ ಹಾಗೆಯೇ. ಅವಳು ಕುಂಚವನ್ನು ಮತ್ತೆ ಬಣ್ಣಕ್ಕೆ ಅದ್ದಿ ಏನೋ ಹೇಳಹೊರಟಳು.

“ಸಾಕಮ್ಮ, ಸಾಕು,” ಎಂದು ಪರೀಕ್ಷಕರು ಎದ್ದೇ ನಿಂತರು. “ಇದು ಕಲಿತು ಬರೋದಲ್ಲ. ರಕ್ತದಲ್ಲೇ ಬಂದಿದೆ.”

ಕೋಣೆಯೆಲ್ಲ ಚಪ್ಪಾಳೆ. ಅಪ್ಪ ಚಪ್ಪಾಳೆಗೂ ಕೈ ಹೊರತೆಗೆಯಲಿಲ್ಲ. ಕುರ್ಚಿಯಲ್ಲಿ ಕುಸಿದು ಆ ಗೆರೆಯನ್ನೇ ನೋಡುತ್ತಿದ್ದ.

ಮಗಳು ಬಂದು ಪಕ್ಕದಲ್ಲಿ ಕುಳಿತಳು. ಮುಖ ಬಿಳುಚಿಕೊಂಡಿತ್ತು. ಚಿಕ್ಕಂದಿನಲ್ಲಿ ಮಾಡುತ್ತಿದ್ದಂತೆ ತನ್ನ ಕೈಯನ್ನು ಅಪ್ಪನ ಜೇಬಿಗೆ ತೂರಿಸಿ ಅವನ ಕೈ ಹಿಡಿದಳು. ಒಳಗೆ ಎರಡು ಕೈಗಳೂ ನಡುಗುತ್ತಿದ್ದವು, ಒಂದೇ ತಾಳಕ್ಕೆ.

“ಅಪ್ಪ, ನಾನು ಅಲೆಗೆರೆ ಇನ್ನೂ ಎಳೆದೇ ಇಲ್ಲ. ಮೊದಲು ನೇರ ಗೆರೆ ತೋರಿಸೋಣ ಅಂತಿದ್ದೆ.”