ತೂತಿಲ್ಲದ ಚಾವಣಿ

"ಭಾವ, ನಾವು ಕೆಳಗಿಳಿಯೋದು ಎಲ್ಲಿಂದ?"

ಮೇಸ್ತ್ರಿ ಹಾಳೆ ಬೆಸೆಯುವ ಬಿಸಿಗಾಳಿಯ ಯಂತ್ರ ಆರಿಸಿ ತಲೆ ಎತ್ತಿದ. ಐದು ಮಹಡಿಯ ಕಟ್ಟಡದ ನೆತ್ತಿಯ ಮೇಲೆ ಈ ತುದಿಯಿಂದ ಆ ತುದಿಯವರೆಗೆ ಮಳೆನೀರು ಸೋರದಂತೆ ಬಿಳಿ ಪಿವಿಸಿ ಹಾಳೆ ಹಾಸಿತ್ತು. ಬೆಸುಗೆ ಎಲ್ಲಿದೆಯೆಂದು ಹಾಕಿದವನೇ ಹುಡುಕಬೇಕು, ಅಷ್ಟು ಚೊಕ್ಕ ಕೆಲಸ. ಬೆಳಿಗ್ಗೆ ಇಬ್ಬರೂ ಹತ್ತಿ ಬಂದಿದ್ದ ಕಿಂಡಿಯೂ ತನ್ನ ಚಪ್ಪಟೆ ಮುಚ್ಚಳದ ಸಮೇತ ಅದರಡಿ ಹಾಯಾಗಿ ಮಲಗಿತ್ತು.

"ಕಿಂಡಿ ಇರೋ ಕಡೆ ಕತ್ತರಿಸು ಅಂದಿದ್ನಲ್ಲೋ!"

"ಚಾಕು ತೆಗೆದಾಗ, ನನ್ನ ಹಾಳೆ ಮುಟ್ಟಿದ್ರೆ ಕೈ ಮುರೀತೀನಿ ಅಂದ್ರಲ್ಲ."

ಅದೂ ನಿಜವೇ. ಸೂಜಿಮೊನೆಯಷ್ಟು ತೂತು ಕಂಡರೂ ಪಕ್ಕದ ಕಟ್ಟಡದ ಕೆಲಸ ಬೇರೆಯವರಿಗೆ ಕೊಡಿ ಎಂದು ಮೇಸ್ತ್ರಿ ಮಾಲೀಕರ ಮುಂದೆ ಜಂಬ ಕೊಚ್ಚಿದ್ದ. ಅವರು ಪರೀಕ್ಷಿಸಲು ಬರುವ ಹೊತ್ತು ಬೇರೆ ಆಗಿತ್ತು.

"ಈಗ ಕತ್ತರಿಸಿ ಅಂಚು ಬೆಸೆದ್ರಾಯ್ತು ಭಾವ. ಎಲ್ಲರೂ ಮಾಡೋದೇ ಹಂಗೆ," ಎಂದು ಭಾಮೈದ ಚಾಕು ತೆಗೆಯುವಷ್ಟರಲ್ಲಿ ಹಾಳೆ ಮೆಲ್ಲಗೆ ಉಬ್ಬಿತು, ಕಂಬಳಿಯೊಳಗೆ ಬೆಕ್ಕು ಹೊಕ್ಕ ಹಾಗೆ. ಕೆಳಗಿನಿಂದ ಮುಚ್ಚಳ ಎತ್ತಿ ಮಾಲೀಕರು ತಲೆ ಹಾಕಿದ್ದರು.

"ಯಾರ್ರೀ ಮೇಲೆ? ಏನೂ ಕಾಣ್ತಿಲ್ವಲ್ರೀ!"

ಮೇಸ್ತ್ರಿ ಟೋಪಿ ತೆಗೆದು, ಉಬ್ಬಿನ ಮುಂದೆ ಮಂಡಿಯೂರಿ ಕೈ ಮುಗಿದ. "ನಮಸ್ಕಾರ ಸಾರ್. ಒಳಗೆ ಎಲ್ಲಾದ್ರೂ ಬೆಳಕು ತೂರ್ತಿದ್ಯಾ?"

"ಇಲ್ಲ. ಗವ್ವನೆ ಕತ್ತಲು."

ಮೇಸ್ತ್ರಿ ಕಣ್ಸನ್ನೆ ಮಾಡಿದ. ಭಾಮೈದ ಒಂದು ಬಕೆಟ್ ನೀರನ್ನು ಮಾಲೀಕರ ತಲೆಯ ಮೇಲೆ, ಅಂದರೆ ಉಬ್ಬಿನ ಮೇಲೆ, ದಬದಬನೆ ಸುರಿದ.

"ಈಗ ಏನಾದ್ರೂ ತೊಟ್ಟಿಕ್ತಾ ಸಾರ್?"

ಉಬ್ಬು ಆಚೆ ಈಚೆ ತಿರುಗಿ, ತಲೆ ಸವರಿಕೊಂಡು ನೋಡಿತು. "ಒಂದು ಹನಿಯೂ ಇಲ್ಲ ಕಣ್ರೀ! ಭೇಷ್! ಪಕ್ಕದ ಕಟ್ಟಡಾನೂ ನೀವೇ ಮಾಡಿ." ಮುಚ್ಚಳ ಧಡಾರನೆ ಮುಚ್ಚಿತು. ಉಬ್ಬು ಇಳಿಯಿತು.

ಮೇಸ್ತ್ರಿಗೆ ಖುಷಿಯಲ್ಲಿ ಕಣ್ಣು ತುಂಬಿ ಬಂತು. ಇಂಥ ಮಾತು ಅವನು ಯಾರ ಬಾಯಲ್ಲೂ ಕೇಳಿರಲಿಲ್ಲ.

"ಇನ್ನಾದ್ರೂ ಕತ್ತರಿಸ್ಲಾ?" ಭಾಮೈದ ಮತ್ತೆ ಚಾಕು ಹಿಡಿದ.

ಮೇಸ್ತ್ರಿ ಕಿಂಡಿ ಇದ್ದ ಜಾಗದ ಮೇಲೆ ಅಂಗಾತ ಮಲಗಿಬಿಟ್ಟ. "ತಲೆ ನೆಟ್ಟಗಿದ್ಯೇನೋ? ಪಾಸಾದ ಕೆಲಸ ಇದು! ನಿಮ್ಮ ಅಕ್ಕಂಗೆ ಫೋನ್ ಮಾಡು."

"ಏಣಿ ತರೋಕಾ?"

"ಐದು ಮಹಡಿಗೆ ಏಣಿ ಎಲ್ಲಿಂದ ತರ್ತಾಳೆ ಪಾಪ! ಹಾಸಿಗೆ ತರೋಕೆ ಹೇಳು. ಹಗ್ಗ ಇಳಿಬಿಡೋಣ."