ಬೆಚ್ಚಗಿದ್ದ ಕುರ್ಚಿ

ಪರಮಾಣುವಿನಷ್ಟೇ ತೆಳುವಾದ ಪದರಗಳನ್ನು ಒಂದರ ಮೇಲೊಂದು ಕೂರಿಸಿ, ಕಾಣುವ ಬೆಳಕನ್ನೂ ಕಾಣದ ಶಾಖವನ್ನೂ ಹಿಡಿಯುವ ಡಿಟೆಕ್ಟರ್ ಮಾಡಿದವಳು ಮೇದಿನಿ. ಅದು ಕೆಲಸ ಮಾಡುವುದನ್ನು ನೋಡುವ ಮೊದಲೇ, ಮನೆಗೆ ಹೋಗುವ ದಾರಿಯಲ್ಲಿ ಅಪಘಾತವಾಗಿ ತೀರಿಕೊಂಡಳು.

ಮೂರು ತಿಂಗಳ ನಂತರ ಗೆಳತಿ ಶ್ರೀಲತಾ ಲ್ಯಾಬಿನ ದೀಪ ಆರಿಸಿ ಆ ಡಿಟೆಕ್ಟರನ್ನು ಚಾಲೂ ಮಾಡಿದಳು. ತೆರೆಯ ಮೇಲೆ ಗೆರೆಗೆರೆಯಾಗಿ ಚಿತ್ರ ಮೂಡಿತು. ಕೋಣೆಯೆಲ್ಲ ಕಪ್ಪಾಗಿತ್ತು, ಮೇದಿನಿಯ ಖಾಲಿ ಕುರ್ಚಿ ಮಾತ್ರ ಬೆಳ್ಳಗೆ ಹೊಳೆಯುತ್ತಿತ್ತು, ಯಾರೋ ಈಗಷ್ಟೇ ಎದ್ದುಹೋದ ಹಾಗೆ.

ಶ್ರೀಲತಾ ಪಕ್ಕದಲ್ಲಿ ನಿಂತಿದ್ದ, ಇಬ್ಬರ ಸಂಶೋಧನೆಗೂ ಮಾರ್ಗದರ್ಶಕರಾದ ಗೈಡ್ ಕಡೆ ತಿರುಗಿದಳು. "ಸರ್, ಆ ಕುರ್ಚಿ ಬೆಚ್ಚಗಿದೆ. ನಾನಂತೂ ಅದ್ರಲ್ಲಿ ಕೂತಿಲ್ಲ."

ಗೈಡ್ ಹೋಗಿ ಆ ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟರು.

"ಇದು ಆಗೋ ಕೆಲಸ ಅಲ್ಲ, ಮನೆಗೆ ಹೋಗು ಅಂತ ಅವತ್ತು ಅವಳನ್ನ ಬೈದು ಕಳಿಸಿದೋನು ನಾನೇ ಕಣಮ್ಮ," ಎಂದರು. "ದಿನಾ ನೀನು ಬರೋಕೆ ಮುಂಚೆ ಇಲ್ಲಿ ಕೂತ್ಕೋತೀನಿ. ಇವತ್ತೂ ಕೂತಿದ್ದೆ."