ಭಾನುವಾರದ ಬೆವರು

ಅಂಗಿಯ ಬೆನ್ನು ಒದ್ದೆ, ಕಂಕುಳು ಒಣ. ಲಾಂಡ್ರಿಯವಳು ಗಂಡನ ಸೈಕಲ್ ಅಂಗಿಯನ್ನು ಮೂಗಿಗೆ ಹಿಡಿದು ಇನ್ನೊಮ್ಮೆ ಮೂಸಿದಳು. ಬೆವರಿನ ಸುಳಿವೇ ಇಲ್ಲ! ಊರವರ ಬಟ್ಟೆಯನ್ನೆಲ್ಲ ಒಗೆದು ಇಸ್ತ್ರಿ ಹಾಕುವವಳಿಗೆ ಇಷ್ಟೂ ತಿಳಿಯುವುದಿಲ್ಲವೇ? ಒದ್ದೆಯಲ್ಲೂ ಬಗೆಬಗೆ ಇದೆ. ಇದು ನಲ್ಲಿ ನೀರಿನ ಒದ್ದೆ.

ಹಾಗಾದರೆ ಪ್ರತಿ ಭಾನುವಾರ ಬೆಳಿಗ್ಗೆ ಕ್ಲಬ್ಬಿನವರ ಜೊತೆ ಟ್ರಿಣ್ ಟ್ರಿಣ್ ಎನ್ನುತ್ತ ಹೊರಟು, ಊಟದ ಹೊತ್ತಿಗೆ ಬಂದು, “ಅಬ್ಬಾ, ಕೆರೆ ದಾರಿಯ ಏರು ಜೀವ ತೆಗೀತು ಕಣೇ” ಎಂದು ಸೋಫಾದ ಮೇಲೆ ಬೀಳುವ ಈ ಮನುಷ್ಯ ಹೋಗುವುದಾದರೂ ಎಲ್ಲಿಗೆ? ಎರಡು ವರ್ಷ ಏರು ಹತ್ತಿದವನ ಹೊಟ್ಟೆ ಕರಗಬೇಕಿತ್ತು. ಇವನದು ದುಂಡಗಾಗಿದೆ. ಯಾರೋ ಕೂರಿಸಿ ಬಡಿಸುತ್ತಿದ್ದಾರೆ. ಯಾರವಳು? ಗಂಡನೆಂದರೆ ಅವಳಿಗೆ ಪ್ರಾಣ. ಇನ್ನೊಬ್ಬಳಿಗೆ ಬಿಟ್ಟುಕೊಡುವ ಮಾತೇ ಇಲ್ಲ.

ಅಳುತ್ತ ಕೂರುವ ಜಾಯಮಾನವೂ ಅವಳದಲ್ಲ. ಮುಂದಿನ ಭಾನುವಾರ ತಂಗಿಯ ಸೈಕಲ್ ಇಸಿದುಕೊಂಡು, ಗಂಡನ ಹಿಂದೆಯೇ ಕ್ಲಬ್ಬಿನವರು ಸೇರುವ ವೃತ್ತಕ್ಕೆ ಬಂದಳು.

“ನಾನೂ ಬರ್ತೀನಿ.”

ಕನ್ನಡಕದಂಗಡಿ ಇಟ್ಟುಕೊಂಡಿದ್ದ ಗಂಡನ ಮುಖ ಬಿಳಿಚಿತು. ಅದು ಹೋಗಲಿ, ಕ್ಲಬ್ಬಿನ ಕ್ಯಾಪ್ಟನ್ ಆಗಿದ್ದ ಹಲ್ಲಿನ ಡಾಕ್ಟರ ಮುಖವೂ ಬಿಳಿಚಬೇಕೇ? ಉಳಿದವರೆಲ್ಲ ಇದ್ದಕ್ಕಿದ್ದಂತೆ ಬಗ್ಗಿ ತಂತಮ್ಮ ಬ್ರೇಕು ಪರೀಕ್ಷಿಸತೊಡಗಿದರು. ಓಹೋ, ಇವರಿಗೆಲ್ಲ ಗೊತ್ತು, ಸೇರಿಕೊಂಡೇ ಮುಚ್ಚಿಡುತ್ತಿದ್ದಾರೆ ಎಂದುಕೊಂಡಳು.

“ತುಂಬಾ ದೂರ ಕಣೇ. ನಿನ್ನ ಕೈಲಾಗಲ್ಲ,” ಎಂದ ಗಂಡ.

“ವಾರಕ್ಕೆ ಮೂರು ಸಂಜೆ ಈಜೋಳಿಗೆ ಇದೇನ್ರೀ ಮಹಾ?”

‘ನಮ್ಮವಳು ಈಜಿ ಬಂದಳು ಅಂದ್ರೆ ಮನೆಯೆಲ್ಲ ಈಜುಕೊಳದ ವಾಸನೆ’ ಎಂದು ಊರ ತುಂಬ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದವನೇ ಅವನು.

ಸರಿ, ಎಲ್ಲರೂ ಒಟ್ಟಿಗೆ ಗಂಟೆ ಬಾರಿಸಿದರು. ಕ್ಲಬ್ಬಿನ ಪದ್ಧತಿ ಅದು; ಊರಿಗೆಲ್ಲ ಕೇಳಬೇಕು. ಅಂಗಡಿಗಳ ಸಾಲು ಮುಗಿದದ್ದೇ ತಡ, ರಸ್ತೆಯ ಎರಡೂ ಕಡೆ ಹಳದಿ ಮರಗಳು. ಕೊಯ್ಲಾದ ಹೊಲಗಳ ಮೇಲಿಂದ ತಣ್ಣನೆಯ ಗಾಳಿ. ಚಕ್ರದಡಿ ಒಣಗಿದೆಲೆ ಚರಚರ ಎನ್ನುತ್ತಿತ್ತು. ಎಷ್ಟು ಚೆನ್ನಾಗಿದೆ! ಒಂದು ಗಳಿಗೆ ಅವಳಿಗೆ ಬಂದ ಕೆಲಸವೇ ಮರೆತುಹೋಯಿತು.

ಮೂರನೇ ತಿರುವಿನಲ್ಲಿ ಒಂದು ಚಿಕ್ಕ ಹೋಟೆಲು. ಅದು ಕಂಡ ಕೂಡಲೇ ಸೈಕಲ್ಲುಗಳೆಲ್ಲ ಕೊಟ್ಟಿಗೆ ಕಂಡ ದನಗಳ ಹಾಗೆ ಅಂಗಳದತ್ತ ವಾಲಿದವು. “ನೇರ ನಡೀರಿ, ನೇರ!” ಎಂದು ಡಾಕ್ಟರು ಹಲ್ಲು ಕಚ್ಚಿಕೊಂಡು ಹೇಳಿದರು. ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದ ಹೋಟೆಲಿನಾಕೆ, ನೋಡಲು ಲಕ್ಷಣವಾಗಿಯೇ ಇದ್ದಳು, ನಗುನಗುತ್ತ ಕೂಗಿದಳು:

“ಏನ್ರೀ ಕನ್ನಡಕದೋರೇ, ಇವತ್ತು ಒಳಗೆ ಬರಲ್ವಾ?”

ಗಂಡ ಕಿವುಡನಂತೆ ಪೆಡಲು ತುಳಿದ. ಸಿಕ್ಕಿಬಿದ್ದಳು ಸವತಿ!

ಮುಂದೆ ರಸ್ತೆ ಕವಲೊಡೆಯಿತು. ಕೆರೆ ಎಡಕ್ಕೆ ಎಂದ ಒಬ್ಬ, ಬಲಕ್ಕೆ ಎಂದ ಇನ್ನೊಬ್ಬ. ಜಗಳವಾಡಿ ಎಡಕ್ಕೆ ಹೋದರೆ ಎದುರಿಗೇ ಏರು. ಅರ್ಧ ಹತ್ತುವಷ್ಟರಲ್ಲಿ ಡಾಕ್ಟರು ಸೈಕಲ್ ಬಿಟ್ಟು ಎಲೆಗಳ ಮೇಲೆ ಅಂಗಾತ ಮಲಗಿಬಿಟ್ಟರು. ಲಾಂಡ್ರಿಯವಳಿಗೂ ನಾಲಿಗೆ ಹೊರಬಂದಿತ್ತು.

“ಈಜೋಳು ನೀನು, ಇಷ್ಟು ಬೇಗ ಸುಸ್ತಾದ್ಯಾ?” ಎಂದ ಗಂಡ, ತಾನೂ ಏದುಸಿರು ಬಿಡುತ್ತ.

“ನೀರು ಬೇರೆ, ನೆಲ ಬೇರೆ ರೀ. ಎರಡು ವರ್ಷದಿಂದ ಇದೇ ಏರು ಹತ್ತಿದೋರು ನೀವು. ನಿಮಗೇನಾಯ್ತು?”

ಅವನು ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡ. ಅವಳು ಸೈಕಲ್ ತಿರುಗಿಸಿದಳು.

“ಎಲ್ಲಿಗೇ?”

“ನೀವು ವಾರವಾರ ಹೋಗೋ ಜಾಗಕ್ಕೆ.”

ಇಳಿಜಾರಿನಲ್ಲಿ ಕಣ್ಣೀರು ಕಿವಿಯ ಕಡೆಗೆ ಹರಿಯಿತು. ಹೋಟೆಲಿನಾಕೆಯನ್ನು ಸರಿಸಿಕೊಂಡು ಸೀದಾ ಹಿಂದಿನ ಕೋಣೆಗೆ ನುಗ್ಗಿದಳು. ಅಲ್ಲಿ ಒಂದು ಕೇರಂ ಬೋರ್ಡು. ಗೋಡೆಯುದ್ದಕ್ಕೂ ದಿಂಬುಗಳ ಸಾಲು. ಬಾಗಿಲ ಬಳಿ ಹತ್ತಾರು ಜೊತೆ ಚಪ್ಪಲಿ. ಒಂದು ಜೊತೆ, ಮನೆಯಿಂದ ಕಾಣೆಯಾಗಿದ್ದ ಗಂಡನದೇ. ಮೂಲೆಯಲ್ಲಿ ಬಕೆಟ್ಟು ಮತ್ತು ಮಗ್ಗು.

“ಅಕ್ಕಾ, ಎರಡು ವರ್ಷದಲ್ಲಿ ಇವರ ಸೈಕಲ್ಲು ನನ್ನ ಅಂಗಳ ದಾಟಿದ್ದು ಇವತ್ತೇ ಮೊದಲು,” ಎಂದಳು ಹೋಟೆಲಿನಾಕೆ. “ತಿಂತಾರೆ, ಆಡ್ತಾರೆ, ಗೊರಕೆ ಹೊಡೀತಾರೆ. ಹೊರಡೋವಾಗ ಬೆನ್ನಿಗೆ ನೀರು ಸುರ್ಕೊಳ್ತಾರೆ.”

ಹಿಂದೆಯೇ ಓಡಿಬಂದ ಗಂಡ ಬಾಗಿಲಿಗೆ ಒರಗಿ ನಿಂತ. “ಮೊದಲ ವಾರ ಡಾಕ್ಟರಿಗೆ ಮಂಡಿ ಹಿಡ್ಕೊಳ್ತು, ಇಲ್ಲೇ ಕೂತ್ವಿ. ಮನೆಗೆ ಬಂದ್ರೆ ನೀನು ಅಷ್ಟು ಹೆಮ್ಮೆ ಪಟ್ಟೆ. ಇಲ್ಲ ಕಣೇ ಅನ್ನೋಕೆ ಬಾಯೇ ಬರಲಿಲ್ಲ. ಆಮೇಲೆ ಅದೇ ರೂಢಿ ಆಗೋಯ್ತು.”

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕೂ ನಕ್ಕೂ ದಿಂಬುಗಳ ಮೇಲೆ ಕುಸಿದಳು. ಸವತಿಯಿಲ್ಲ, ಏನಿಲ್ಲ, ಬರೀ ಸೋಮಾರಿತನ! ದೇವರು ದೊಡ್ಡವನು.

“ಕೋಪ ಇಲ್ವಾ?”

“ಯಾಕ್ರೀ ಕೋಪ? ಮುಂದಿನ ವಾರದಿಂದ ಕಂಕುಳೂ ಒದ್ದೆ ಮಾಡ್ಕೊಳ್ಳಿ. ಮತ್ತೆ ಬರೀ ನೀರು ಸಾಲದು, ಚಿಟಿಕೆ ಉಪ್ಪು ಬೆರೆಸ್ಬೇಕು.”

ಕುಂಟುತ್ತ ಬಂದು ಸೇರಿದ ಕ್ಲಬ್ಬಿನವರೆಲ್ಲ ಅವಳನ್ನು ಭಕ್ತಿಯಿಂದ ನೋಡಿದರು. ಬಿಸಿ ಮೊಟ್ಟೆ, ಬ್ರೆಡ್ಡು, ಚಹಾ ಬಂತು. ಕೇರಂನಲ್ಲಿ ಅವಳು ಡಾಕ್ಟರನ್ನು ಸತತವಾಗಿ ಸೋಲಿಸಿದಳು. ಇವಳು ಇದನ್ನು ಯಾವಾಗ ಕಲಿತಳು ಎಂದು ಗಂಡ ಬೆರಗಾದ. ಇಂಥ ದೊಡ್ಡ ಮನಸ್ಸಿನ ಹೆಂಡತಿ ಸಿಗಲು ಪುಣ್ಯ ಮಾಡಿರಬೇಕು ಎಂದು ಎಲ್ಲರ ಎದುರಿಗೇ ಹೇಳಿದ.

ಮರುದಿನ ಸಂಜೆ ಗೆಳತಿಯ ಮನೆಯಲ್ಲಿ ಕೇರಂ ಆಟ ಮುಗಿದ ಮೇಲೆ ಲಾಂಡ್ರಿಯವಳು ಎಂದಿನಂತೆ ಬಕೆಟ್ ನೀರಿಗೆ ಚಿಟಿಕೆ ಬ್ಲೀಚಿಂಗ್ ಪೌಡರ್ ಹಾಕಿ ಕದಡಿ, ತನ್ನ ಈಜುಡುಗೆಯನ್ನು ಅದರಲ್ಲಿ ಚೆನ್ನಾಗಿ ಅದ್ದಿ ಹಿಂಡಿದಳು.